ಹದಿನಾಲ್ಕು ತಂಡಗಳ ಎಸೆತಗಾರ

ಬೇಸ್‌ಬಾಲ್‌ನಲ್ಲಿ ಒಬ್ಬ ಪಿಚರ್ (ಎಸೆತಗಾರ) ಹತ್ತಾರು ತಂಡಗಳನ್ನು ಬದಲಿಸಿದ್ದಾನೆಂದರೆ ಅವನು ಸೋತ ಆಟಗಾರನೆಂದು ಅರ್ಥವೇ ಎಂದು ನೀವು ಕೇಳಿದ್ದೀರಿ. ಖಂಡಿತ ಅಲ್ಲ ಎಂಬುದಕ್ಕೆ ಅಮೆರಿಕದ ಪಿಚರ್ ಎಡ್ವಿನ್ ಜಾಕ್ಸನ್ ಅವರ ವೃತ್ತಿಜೀವನವನ್ನೇ ನೋಡಬಹುದು.

2003ರಲ್ಲಿ, ತಮ್ಮ ಇಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಅವರು ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡದ ಪರ ಮೊದಲ ಪಂದ್ಯವಾಡಿ, ದಿಗ್ಗಜ ಪಿಚರ್ ರ‍್ಯಾಂಡಿ ಜಾನ್ಸನ್ ಎದುರು ಗೆದ್ದರು. 2019ರಲ್ಲಿ ಟೊರಾಂಟೊ ಬ್ಲೂ ಜೇಸ್ ಸೇರಿದಾಗ ಅದು ಅವರ ಹದಿನಾಲ್ಕನೆಯ ತಂಡ. ಪಿಚರ್ ಆಕ್ಟೇವಿಯೊ ಡೊಟೆಲ್ ಅವರ ಹದಿಮೂರು ತಂಡಗಳ ದಾಖಲೆ ಅಂದು ಮುರಿಯಿತು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಆಟಗಾರನ ಒಪ್ಪಂದವನ್ನೇ ಒಂದು ತಂಡ ಇನ್ನೊಂದಕ್ಕೆ ವರ್ಗಾಯಿಸಬಹುದಾದ್ದರಿಂದ, 2011ರ ಜುಲೈನಲ್ಲಿ ಅವರು ಒಂದೇ ದಿನ ಶಿಕಾಗೊದಿಂದ ಟೊರಾಂಟೊಗೆ, ಅಲ್ಲಿಂದ ಸೇಂಟ್ ಲೂಯಿಸ್‌ಗೆ ಹೋಗಬೇಕಾಯಿತು. ಅದೇ ವರ್ಷ ಸೇಂಟ್ ಲೂಯಿಸ್ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ಪಟ್ಟದ ಸರಣಿ, ಗೆದ್ದಿತು.

ನನಗೆ ಅತ್ಯಂತ ಪ್ರಿಯವಾದದ್ದು 2010ರ ಜೂನ್ 25ರ ಪಂದ್ಯ. ಅರಿಜೋನಾ ಪರ, ತಮ್ಮ ಹಳೆಯ ತಂಡವಾದ ಟ್ಯಾಂಪಾ ಬೇ ವಿರುದ್ಧ ಆಡುತ್ತಿದ್ದ ಅವರು ಒಂಬತ್ತು ಇನಿಂಗ್ಸ್‌ಗಳ ಪಂದ್ಯದ ಮೊದಲ ಮೂರು ಇನಿಂಗ್ಸ್‌ಗಳಲ್ಲೇ ತಪ್ಪು ಎಸೆತಗಳಿಂದ ಏಳು ಬಾರಿ ಬ್ಯಾಟರ್‌ಗಳಿಗೆ ಉಚಿತವಾಗಿ ಬೇಸ್ (ರನ್ ಗಳಿಸಲು ದಾಟಬೇಕಾದ ಮೂರು ಮೂಲೆಗಳಲ್ಲಿ ಮೊದಲನೆಯದು) ಬಿಟ್ಟುಕೊಟ್ಟರು. ಮೂರನೆಯ ಇನಿಂಗ್ಸ್‌ನಲ್ಲಂತೂ ಒಬ್ಬರೂ ಔಟಾಗದೆ ಮೂರೂ ಬೇಸ್‌ಗಳು ತುಂಬಿದ್ದವು. ಆದರೂ ರನ್ ಬಿಡಲಿಲ್ಲ. 149 ಎಸೆತಗಳನ್ನೆಸೆದು, ಎದುರಾಳಿಗೆ ಒಂದೇ ಒಂದು ಹಿಟ್ (ಚೆಂಡನ್ನು ಹೊಡೆದು ಬೇಸ್ ತಲುಪುವುದು) ಕೂಡ ಕೊಡದೆ, 1-0ರಿಂದ ಗೆಲ್ಲಿಸಿದರು.

ಬೇಸ್‌ಬಾಲ್‌ನಲ್ಲಿ ಗೆಲುವು-ಸೋಲುಗಳನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ; ಅವರ ಲೆಕ್ಕದಲ್ಲಿ 107 ಗೆಲುವುಗಳಿಗೆ 133 ಸೋಲುಗಳಿವೆ ಎಂಬುದು ನಿಜ. ಆದರೆ ಬೇಡವಾದವನನ್ನು ಹದಿನಾಲ್ಕು ತಂಡಗಳು ಕರೆಯುವುದಿಲ್ಲ. ವೇಗದ ಎಸೆತ, ಗಟ್ಟಿ ದೇಹ, ಹೊಸ ಡ್ರೆಸ್ಸಿಂಗ್ ರೂಮಿಗೆ ಬೇಗ ಹೊಂದಿಕೊಳ್ಳುವ ಗುಣ, ಇವು ಎಲ್ಲ ತಂಡಗಳಿಗೂ ಬೇಕಾಗಿದ್ದವು.