ಕುದುರೆ ಓಡುವುದು ಬೇಡ, ನಡೆಯಲಿ

ಆತ್ಮೀಯರೇ,

ನಿಮ್ಮ ‘ಬಿಳಿಗಾಲಿನ ಸರದಾರ’ ಕಥೆಯನ್ನು ಪೂರ್ತಿ ಓದಿದೆ, ಕೆಲವು ಪುಟಗಳನ್ನು ಮತ್ತೆ ಮತ್ತೆ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಅಚ್ಚು ಹಾಕಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ನೀವು ಆರಿಸಿಕೊಂಡ ಜಾಗ ಅಪರೂಪದ್ದು. 1911ರ ನ್ಯೂಜಿಲೆಂಡ್, ದಕ್ಷಿಣ ದ್ವೀಪದ ಕ್ಯಾಂಟರ್ಬರಿ ಬಯಲು, ಆಶ್‌ಬರ್ಟನ್ ಸೀಮೆ. ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದ ಕ್ಲೈಡ್ಸ್‌ಡೇಲ್ ತಳಿಯ ಒಂದು ಬೀಜದ ಕುದುರೆ. ಹೆಣ್ಣುಕುದುರೆಗಳಿರುವ ಹೊಲಮನೆಗಳಿಗೆ ಅದನ್ನು ನಡೆಸಿಕೊಂಡು ಹೋಗುವ ಒಬ್ಬ ಆಳು. ಇಲ್ಲಿಯವರೆಗೆ ಸೊಗಸಾಗಿದೆ. ಆಮೇಲೆ ಒಬ್ಬ ದೊಡ್ಡ ಜಮೀನುದಾರ ಕುದುರೆಯ ಮೇಲೆ ಕಣ್ಣು ಹಾಕುತ್ತಾನೆ, ಕಳ್ಳರು ಬರುತ್ತಾರೆ, ಆಳು ಅದರ ಬೆನ್ನೇರಿ ರಾತ್ರಿಯಿಡೀ ನಾಗಾಲೋಟದಲ್ಲಿ ಓಡಿಸುತ್ತಾನೆ. ಕೊನೆಯ ಪುಟದಲ್ಲಿ ಕುದುರೆ ಮದ್ರಾಸಿನ ಹಡಗು ಹತ್ತಿ ಕುಣಿಗಲ್ಲಿಗೆ ಬಂದು ಸೇರುತ್ತದೆ.

ಓಟ ಶುರುವಾದ ಕ್ಷಣವೇ ಕಥೆ ನಿಮ್ಮ ಕೈ ತಪ್ಪಿತು. ಕ್ಲೈಡ್ಸ್‌ಡೇಲ್ ಗಂಡು ಟನ್ನಿಗೆ ಹತ್ತಿರದ ತೂಕದ ಪ್ರಾಣಿ. ಭಾರ ಎಳೆಯುತ್ತಾ ದಿನವಿಡೀ ಒಂದೇ ಹದದಲ್ಲಿ ಹೆಜ್ಜೆ ಹಾಕಲಿ ಎಂದು ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿ ಅದು. ಬೆಣಚುಕಲ್ಲಿನ ನೆಲದಲ್ಲಿ ರಾತ್ರಿಯಿಡೀ ಓಡಿಸಿದರೆ ಬೆಳಗಾಗುವಷ್ಟರಲ್ಲಿ ಗೊರಸು, ಕೀಲು, ಉಸಿರು ಮೂರೂ ಕೆಡುತ್ತವೆ. ಒಡೆಯನ ಬಂಡವಾಳವೆಲ್ಲ ಆ ನಾಲ್ಕು ಕಾಲುಗಳಲ್ಲೇ ಇದೆ. ಅದು ನಿಮ್ಮ ಆಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಹೊಡೆದರೂ ಅವನು ಅದನ್ನು ಓಡಿಸುವವನಲ್ಲ. ನೀವು ಯುದ್ಧದ ಕುದುರೆಯೊಂದನ್ನು ತಂದು ಬೀಜದ ಕುದುರೆಯ ಜಾಗದಲ್ಲಿ ಕಟ್ಟಿದ್ದೀರಿ. ನಿಮಗೆ ಸಿಕ್ಕಿರುವುದು ಒಂದು ಕಸುಬಿನ ಕಥೆ. ನೀವು ಅದನ್ನು ಬಿಟ್ಟು ವೀರಗಾಥೆ ಬರೆಯಲು ಹೊರಟಿದ್ದೀರಿ.

ಆ ಕಸುಬನ್ನು ಸ್ವಲ್ಪ ನೋಡೋಣ. ಆರೆಂಟು ಕುದುರೆ ಕಟ್ಟಿ ಉಳುವ ರೈತ ಬೀಜದ ಗಂಡನ್ನು ಸಾಕಲಾರ. ವರ್ಷದ ಬಹುಪಾಲು ಅದು ಸುಮ್ಮನೆ ತಿನ್ನುತ್ತದೆ, ಉಳಿದ ಕುದುರೆಗಳ ನಡುವೆ ಬಿಟ್ಟರೆ ಜಗಳ. ಹೀಗಾಗಿ ಒಬ್ಬ ಒಡೆಯ ದುಡ್ಡು ಹಾಕಿ ಗಂಡು ತರುತ್ತಾನೆ, ಋತು ಬಂದಾಗ ಆಳಿನ ಜೊತೆ ಸುತ್ತಿಗೆ ಕಳಿಸುತ್ತಾನೆ. ಪತ್ರಿಕೆಯಲ್ಲಿ ಜಾಹೀರಾತು ಬರುತ್ತದೆ: ಕುದುರೆಯ ಹೆಸರು, ತಂದೆತಾಯಿ, ಬಣ್ಣ, ಗೆದ್ದ ಬಹುಮಾನ, ಯಾವ ವಾರ ಯಾವ ಊರು, ಶುಲ್ಕ ಎಷ್ಟು ಗಿನಿ, ಆಳಿನ ಕೂಲಿ ಎಷ್ಟು ಶಿಲಿಂಗ್. ಹೆಣ್ಣುಕುದುರೆಗೆ ಏನೇ ಆದರೂ ಹೊಣೆ ಅದರ ಯಜಮಾನನದೇ ಎಂದು ಕೊನೆಯಲ್ಲಿ ಒಂದು ಸಾಲು. ‘ಆಶ್‌ಬರ್ಟನ್ ಗಾರ್ಡಿಯನ್’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯ ‘ಪೇಪರ್ಸ್ ಪಾಸ್ಟ್’ ಎಂಬ ಅಂತರ್ಜಾಲ ಸಂಗ್ರಹದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಪುಟಗಳನ್ನು ಕೂತು ಓದಿ. ನಿಮ್ಮ ಕಥೆಗೆ ಬೇಕಾದ ಪಾತ್ರಗಳು ಕಳ್ಳರಲ್ಲ, ಆ ಜಾಹೀರಾತು ಓದಿ ಲೆಕ್ಕ ಹಾಕುವ ರೈತರು.

ಸುತ್ತು ವಾರಕ್ಕೊಮ್ಮೆ ಏಕೆ ಎಂದು ನೀವು ಕೇಳಿಕೊಂಡೇ ಇಲ್ಲ. ಹೆಣ್ಣುಕುದುರೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬೆದೆ ಐದರಿಂದ ಏಳು ದಿನ ಇರುತ್ತದೆ. ಗಂಡು ಪ್ರತಿ ವಾರ ಅದೇ ಬಾಗಿಲಿಗೆ ಬಂದರೆ ಯಾವ ಬೆದೆಯೂ ಬಹುಮಟ್ಟಿಗೆ ತಪ್ಪುವುದಿಲ್ಲ. ಕೂಡಿಸಿದ ಮೂರನೆಯ ವಾರ ಮತ್ತೆ ಬಂದಾಗ ಹೆಣ್ಣು ಗಂಡನ್ನು ಒದೆಯಲು ಹೋದರೆ ರೈತನ ಮುಖ ಅರಳುತ್ತದೆ, ಗಬ್ಬ ನಿಂತಿರಬಹುದು. ಸುಮ್ಮನೆ ನಿಂತರೆ ಮತ್ತೆ ಮೊದಲಿನಿಂದ. ಈದ ಹೆಣ್ಣು ಏಳರಿಂದ ಹತ್ತು ದಿನದೊಳಗೇ ಮತ್ತೆ ಬೆದೆಗೆ ಬರುವುದರಿಂದ ಯಾವ ಮನೆಯಲ್ಲಿ ಯಾವ ದಿನ ಮರಿ ಹುಟ್ಟಿತು ಎಂಬ ಸುದ್ದಿಯೂ ಆಳಿಗೆ ಬೇಕು. ಹೆಣ್ಣಿನ ಮನಸ್ಸು ಹೇಗಿದೆ ಎಂದು ತಿಳಿಯಲು ನಡುವೆ ಗಟ್ಟಿಯಾದ ಹಲಗೆಯ ತಡೆಯಿಟ್ಟು ಎರಡನ್ನೂ ಮುಖಾಮುಖಿ ನಿಲ್ಲಿಸುತ್ತಾರೆ. ಕಿವಿ ಹಿಂದಕ್ಕೆ ಮಲಗಿತೋ, ಬಾಲ ಎತ್ತಿತೋ, ಕಿರುಚಿ ಒದೆಯಿತೋ, ಅದನ್ನೆಲ್ಲ ಓದುವುದೇ ಆ ಆಳಿನ ವಿದ್ಯೆ. ನಮ್ಮ ಹಳ್ಳಿಗಳಲ್ಲಿ ಬೆದೆಗೆ ಬಂದ ಹಸುವನ್ನು ಹಿಡಿದುಕೊಂಡು ಬೀಜದ ಹೋರಿಯ ಮನೆ ಮುಂದೆ ಕಾದು ನಿಂತವರಿಗೆ ಈ ದೃಶ್ಯದ ಒಂದೊಂದು ಚಲನೆಯೂ ಅರ್ಥವಾಗುತ್ತದೆ. ನೀವು ಅದನ್ನು ‘ಹೆಣ್ಣು ಮೌನವಾಗಿ ಶರಣಾಯಿತು’ ಎಂಬ ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ.

ಶರಣಾಗುವುದು ಹಾಗಿರಲಿ. ನಿಮ್ಮ ಕಥೆ ನಡೆಯುವ 1911ರಲ್ಲೇ ಸ್ಕಾಟ್ಲೆಂಡಿನ ಏರ್ ಪಟ್ಟಣದ ಹರಾಜಿನಲ್ಲಿ ಬ್ಯಾರನ್ ಆಫ್ ಬುಕ್ಲೈವಿ ಎಂಬ ಕ್ಲೈಡ್ಸ್‌ಡೇಲ್ ಗಂಡು 9,500 ಪೌಂಡಿಗೆ ಹೋಯಿತು. ಇಬ್ಬರು ಪಾಲುದಾರರ ನಡುವಿನ ಅದರ ವ್ಯಾಜ್ಯ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿತ್ತು. ಅಷ್ಟು ಬೆಲೆಯ ಆ ಕುದುರೆ 1914ರಲ್ಲಿ ಸತ್ತದ್ದು ಒಂದು ಹೆಣ್ಣುಕುದುರೆಯ ಒದೆತದಿಂದ: ಕಾಲು ಮುರಿಯಿತು, ಕೊಲ್ಲದೆ ಗತಿಯಿರಲಿಲ್ಲ. ಅದರ ಅಸ್ಥಿಪಂಜರ ಇಂದಿಗೂ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ಸಂಗ್ರಹಾಲಯದಲ್ಲಿದೆ. ಪ್ರತಿ ಹೊಲಮನೆಯ ಅಂಗಳದಲ್ಲೂ ನಿಮ್ಮ ಆಳು ಎದುರಿಸುತ್ತಿದ್ದ ಅಪಾಯ ಇದೇ. ಕಳ್ಳರನ್ನು ಕಳಿಸಿಬಿಡಿ, ಈ ಭಯ ಸಾಕು.

ಇನ್ನು ತಪ್ಪುಗಳು. ವಸಂತವನ್ನು ಮಾರ್ಚಿನಲ್ಲಿ ಇಟ್ಟಿದ್ದೀರಿ. ಅದು ಭೂಮಿಯ ದಕ್ಷಿಣಾರ್ಧ, ಅಲ್ಲಿ ಮಾರ್ಚ್ ಎಂದರೆ ಕೊಯ್ಲು ಮುಗಿದ ಮೇಲಿನ ದಿನಗಳು. ಬೀಜದ ಕುದುರೆಯ ಸುತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ ಶುರುವಾಗಿ ಬೇಸಿಗೆಯವರೆಗೆ ನಡೆಯಬೇಕು. ಗಬ್ಬ ಹನ್ನೊಂದು ತಿಂಗಳು, ಆದ್ದರಿಂದ ಮುಂದಿನ ವಸಂತಕ್ಕೆ ಮರಿ. ಎರಡು ಕಡೆ ಕುದುರೆಯನ್ನು ಶೈರ್ ಎಂದು ಕರೆದಿದ್ದೀರಿ, ಅದು ಇಂಗ್ಲೆಂಡಿನ ಬೇರೆಯೇ ತಳಿ. ಟ್ರ್ಯಾಕ್ಟರ್ ಬಂದು ಕುದುರೆಗಳ ಕಾಲ ಮುಗಿಯಿತು ಎಂದು ನಿಮ್ಮ ಆಳು 1911ರಲ್ಲಿ ಅಳುವುದು ಇನ್ನೂ ದೊಡ್ಡ ತಪ್ಪು. ನ್ಯೂಜಿಲೆಂಡಿನಲ್ಲಿ ಕುದುರೆಗಳ ಸಂಖ್ಯೆ ಶಿಖರ ಮುಟ್ಟಿದ್ದೇ ಆ ವರ್ಷ, ನಾಲ್ಕು ಲಕ್ಷಕ್ಕೂ ಮೇಲೆ. ದೇಶದ ಜನಸಂಖ್ಯೆ ಆಗ ಹತ್ತು ಲಕ್ಷದ ಸುಮಾರು. ಒಕ್ಕಣೆಗೆ ಉಗಿಯಂತ್ರ ಬಂದಿತ್ತು ನಿಜ, ಆದರೆ ನೇಗಿಲು, ಕೊಯ್ಲುಯಂತ್ರ, ಉಣ್ಣೆಯ ಬಂಡಿ ಎಲ್ಲವೂ ಕುದುರೆಯ ಹೆಗಲ ಮೇಲೆ. ಅವನ ಕಸುಬು ಅಂದು ತುಂಬಿ ತುಳುಕುತ್ತಿತ್ತು. ಮುಂದೆ ಏನಾಯಿತು ಎಂಬುದು ನಿಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಿಮ್ಮ ತಿಳಿವಳಿಕೆಯನ್ನು ಅವನ ಬಾಯಿಗೆ ತುರುಕಬೇಡಿ.

ಮೊದಲ ಪ್ಯಾರಾದ ‘ಯಾರೂ ಕಾಲಿಡದ ಖಾಲಿ ಬಯಲು’ ಎಂಬ ಮಾತನ್ನು ತೆಗೆಯಲೇಬೇಕು. ಇದರಲ್ಲಿ ರಾಜಿಯಿಲ್ಲ. ಆ ಬಯಲು ನಾಯ್ ತಾಹು ಎಂಬ ಮಾವೋರಿ ಬುಡಕಟ್ಟಿನ ಜನರದು. 1848ರ ಜೂನ್ 12ರಂದು ಅಕಾರೋವಾದಲ್ಲಿ ಸಹಿಯಾದ ಕೆಂಪ್ ಕರಾರಿನಲ್ಲಿ ಕ್ಯಾಂಟರ್ಬರಿಯ ಬಹುಭಾಗವೂ ಸೇರಿದಂತೆ ಲಕ್ಷಾಂತರ ಎಕರೆ ನೆಲ ಕೇವಲ 2,000 ಪೌಂಡಿಗೆ ಬ್ರಿಟಿಷರ ಕೈ ಸೇರಿತು. ಆ ಜನರಿಗೇ ಉಳಿಸುತ್ತೇವೆಂದ ನೆಲವನ್ನೂ ಸರಿಯಾಗಿ ಬಿಡಲಿಲ್ಲ. ಆ ಜನ ಒಂದೂವರೆ ಶತಮಾನ ದೂರು ಕೊಡುತ್ತಲೇ ಬಂದರು. 1998ರಲ್ಲಿ ಕಾನೂನಿನ ಮೂಲಕ ಇತ್ಯರ್ಥವಾಯಿತು. ನಿಮ್ಮ ಆಳು ಕುದುರೆಗೆ ನೀರು ಕುಡಿಸುವ ಆಶ್‌ಬರ್ಟನ್ ನದಿಗೆ ಹಕಾತೆರೆ ಎಂಬ ಹೆಸರು ಮೊದಲೇ ಇತ್ತು. ಇದರ ಮೇಲೆ ಭಾಷಣ ಬೇಡ, ಖಾಲಿ ಎಂಬ ಸುಳ್ಳೂ ಬೇಡ.

ಕುಣಿಗಲ್ಲಿನ ಪುಟ ನನಗೇ ಬರೆದದ್ದು ಅನ್ನಿಸಿತು. ಕನ್ನಡದ ಸಂಪಾದಕ ಒಪ್ಪಬೇಕಾದರೆ ಕುದುರೆ ಕರ್ನಾಟಕಕ್ಕೆ ಬರಲೇಬೇಕು ಎಂದುಕೊಂಡಿರಿ. ಬೇಕಿಲ್ಲ. ಆಸ್ಟ್ರೇಲಿಯಾದಿಂದ ವೇಲರ್ ಕುದುರೆಗಳು ಮದ್ರಾಸು, ಕಲ್ಕತ್ತಗಳಿಗೆ ಹಡಗುಗಟ್ಟಲೆ ಬಂದದ್ದು ನಿಜ, ಆದರೆ ಅವು ದಂಡಿನ ಸವಾರಿಗೆ, ಫಿರಂಗಿ ಎಳೆಯಲು. ಕುಣಿಗಲ್ಲು ಹೆಸರಾದದ್ದು ದಂಡಿನ ಕುದುರೆಗಳಿಗೆ, ಆಮೇಲೆ ರೇಸಿನ ಕುದುರೆಗಳಿಗೆ. ನಮ್ಮ ಹೊಲಗಳಲ್ಲಿ ಹಳ್ಳಿಕಾರ್ ಎತ್ತು ದುಡಿಯುತ್ತಿದ್ದಾಗ ಒಂದು ಟನ್ನಿನ ಕೂದಲುಗಾಲಿನ ಕುದುರೆಯನ್ನು ಯಾರು ತರಿಸುತ್ತಿದ್ದರು? ಓದುಗ ಆಶ್‌ಬರ್ಟನ್ನಿಗೆ ಬರಲು ಸಿದ್ಧನಿದ್ದಾನೆ, ನೀವು ಅಲ್ಲೇ ಇರಿ.

ನಾನು ಈ ಕಥೆಯನ್ನು ಬಿಡದಿರಲು ಕಾರಣ ನಾಲ್ಕನೆಯ ಪುಟದ ಮೂರು ಸಾಲು. ಪ್ರತಿ ರಾತ್ರಿ ಆಳು ಲಾಂದ್ರ ಕೆಳಗಿಟ್ಟು, ಕುದುರೆಯ ಮುಂಗಾಲಿನ ಕೂದಲು ಸರಿಸಿ, ಗೊರಸಿನ ಮೇಲಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಏಕೆಂದು ನೀವು ಹೇಳಿಲ್ಲ, ಬಹುಶಃ ಪ್ರೀತಿಯಿಂದ ಎಂದುಕೊಂಡಿದ್ದೀರಿ. ಕುದುರೆ ಬಲ್ಲವನಿಗೆ ಅಲ್ಲಿ ಬೇರೆಯೇ ಕಾಣುತ್ತದೆ. ಭಾರದ ಕುದುರೆಗಳಲ್ಲಿ ಹಿಮ್ಮಡಿಯ ಇಕ್ಕೆಲದ ಮೃದ್ವಸ್ಥಿ ಗಟ್ಟಿಯಾಗಿ ಮೂಳೆಯಾಗುವ ದೋಷವಿದೆ, ಸೈಡ್‌ಬೋನ್ ಎನ್ನುತ್ತಾರೆ. ಒತ್ತಿದರೆ ಸ್ಪ್ರಿಂಗಿನಂತೆ ಬಗ್ಗಬೇಕು. ಬಗ್ಗದಿದ್ದರೆ ಆ ಗಂಡಿಗೆ ಕಳಂಕ, ಏಕೆಂದರೆ ದೋಷ ಮರಿಗಳಿಗೂ ಇಳಿಯುತ್ತದೆ ಎಂದು ರೈತರೂ ಪಶುವೈದ್ಯರೂ ನಂಬಿದ್ದರು. ಅಂಥ ಒಂದು ರಾತ್ರಿ ಹೆಬ್ಬೆರಳಿನಡಿ ಏನೋ ಗಟ್ಟಿ ತಗುಲಿತು ಎನ್ನಿ. ಋತು ಅರ್ಧ ಮುಗಿದಿದೆ. ಇನ್ನೂ ಮೂವತ್ತು ಮನೆಗಳ ಹೆಣ್ಣುಕುದುರೆಗಳು ಕಾಯುತ್ತಿವೆ. ಒಡೆಯ ದೂರದಲ್ಲಿದ್ದಾನೆ, ಬೇರಾರಿಗೂ ತಿಳಿಯದು. ಆಳಿನ ಕೂಲಿ ನಿಂತಿರುವುದು ಸುತ್ತಿನ ಮೇಲೆ. ಬಡ ರೈತನೊಬ್ಬ ತನ್ನ ಒಂದೇ ಒಳ್ಳೆಯ ಹೆಣ್ಣನ್ನು ಅಂಗಳಕ್ಕೆ ತಂದು ನಿಲ್ಲಿಸುತ್ತಾನೆ. ಆಗ ಇವನು ಏನು ಮಾಡುತ್ತಾನೆ?

ಉತ್ತರ ನೀವೇ ಬರೆಯಬೇಕು. ನಕ್ಷೆ ಹರಡಿಕೊಂಡು ಅವನ ಒಂದು ವಾರವನ್ನು ಗುರುತು ಹಾಕಿ: ಆಶ್‌ಬರ್ಟನ್, ಟಿನ್‌ವಾಲ್ಡ್, ಹಿಂಡ್ಸ್, ಮೇಫೀಲ್ಡ್, ಮೌಂಟ್ ಸೋಮರ್ಸ್, ಮೆಥ್‌ವೆನ್. ದಿನಕ್ಕೆ ಹತ್ತು ಹನ್ನೆರಡು ಮೈಲಿ, ಭಾನುವಾರ ವಿಶ್ರಾಂತಿ, ಮುಖಕ್ಕೆ ಬಡಿಯುವ ವಾಯವ್ಯದ ಬಿಸಿಗಾಳಿ. ಆ ಒಂದೇ ವಾರ ಕಥೆಗೆ ಸಾಕು. ಕಳ್ಳರು, ಜಮೀನುದಾರ, ಹಡಗು ಯಾವುದೂ ಬೇಡ. ಮೂರು ಸಾವಿರ ಪದ ಮೀರದಿರಲಿ. ಶೀರ್ಷಿಕೆ ಬದಲಾಗಬೇಕು, ನಾಲ್ಕನೆಯ ಪುಟದ ಆ ಮೂರು ಸಾಲುಗಳನ್ನು ಮಾತ್ರ ಇದ್ದಹಾಗೆ ಇಡಿ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳಿಸಿ.

ಸಂಪಾದಕ