ಜಿ5ಕ್ಕ ಕುದ್ರಿ ಬಂದ್ರ ಏನ್ ಮಾಡೋದ್ರಿ?

ಪ್ರಶ್ನೆ: ನಮಸ್ಕಾರ್ರಿ ಸರ್. ನನ್ನ ಮಗ ಏಳನೇ ಕ್ಲಾಸು, ಮೊನ್ನೆ ಹುಬ್ಬಳ್ಳಿಯೊಳಗ ಚೆಸ್ ಟೂರ್ನಮೆಂಟಿಗೆ ಕರ್ಕೊಂಡು ಹೋಗಿದ್ದೆ, ಕರಿ ಕಾಯಿ ಬಂದಿದ್ವು, ಹತ್ತು ನಿಮಿಷದಾಗ ಸೋತು ಅಳಕೋತ ಹೊರಗ ಬಂದ. ಅವ ಬರಕೊಂಡ ಹಾಳಿ ಇಟ್ಟೀನಿ (ಅಕ್ಷರ ಉದ್ದ ಸಾಲು, ಅಂಕಿ ಅಡ್ಡ ಸಾಲು, ಮೊದ್ಲ ಬಿಳಿ ಆಮ್ಯಾಲ ಕರಿ): ಇ4 ಇ5, ಕುದ್ರಿ ಎಫ್3 ಕುದ್ರಿ ಸಿ6, ಒಂಟಿ (ಬಿಷಪ್) ಸಿ4 ಕುದ್ರಿ ಎಫ್6, ಕುದ್ರಿ ಜಿ5 ಡಿ5, ಆ ಪ್ಯಾದಿ ಎದುರಿನ ಹುಡುಗ ಹೊಡದ, ನನ್ನ ಮಗ ಕುದ್ರಿಲೆ ತಿರುಗಿ ಹೊಡದ. ಎದುರಿನಾಂವ ಎಫ್7ಕ್ಕ ಕುದ್ರಿ ಬಲಿ ಕೊಟ್ಟು ಮುಗಿಸಿಬಿಟ್ಟ ನೋಡ್ರಿ. ಶುರುವಿನ ಆಟ ಕಲಸೋ ಓಪನಿಂಗ್ ಬುಕ್ ಕೊಡಸ್ಲೇನ್ರಿ?
– ಒಬ್ಬ ತಾಯಿ, ಗದಗ

ಉತ್ತರ: ಅಕ್ಕಾರ, ಬುಕ್ ಸದ್ಯಕ್ಕ ಬ್ಯಾಡ್ರಿ, ಹುಡುಗ ತಪ್ಪಿದ್ದು ಒಂದ ಮೂವ್‌ನಾಗ, ಐದನೇದ್ರಾಗ. ನಾಕನೇದಕ್ಕ ಡಿ5 ಇಟ್ಟಾನಲ್ಲ, ಅದು ಬರೋಬ್ಬರಿ, ಒಂಟಿ ದಾರಿಗೆ ಅಡ್ಡ ಹಾಕ್ದಂಗ. ಆಮ್ಯಾಲ ಹೊಡದೋರ್ನ ತಿರುಗಿ ಹೊಡೀಬೇಕಂತ ಕೈ ತುರಸ್ತೈತಿ, ಸಿಗೋದ ಅಲ್ಲೆ. ಎಫ್7 ಮನಿ ಕಾಯಾಂವ ಶುರುವಿನಾಗ ರಾಜ ಒಬ್ಬನ. ಅಲ್ಲಿ ಕುದ್ರಿ ಬಂದು ಕುಂತ್ರ ಡಿ8 ರಾಣಿಗೂ ಎಚ್8 ಆನಿಗೂ ಒಮ್ಮೆಲೆ ಏಟು, ರಾಜ ಹೊಡೀತಾನ, ಹೊಡದ ಕೂಡ್ಲೆ ಬಿಳಿ ರಾಣಿ ಎಫ್3ಗೆ ಬಂದು ಚೆಕ್, ಡಿ5 ಕುದ್ರಿ ಮ್ಯಾಲೂ ಕಣ್ಣು, ಅದನ್ನ ಉಳಸಾಕ ರಾಜ ಇ6ಕ್ಕ ಹೋಗಿ ಸಂತಿ ನಡುವ ನಿಂತಂಗ ನಿಲ್ತಾನ. ಇದಕ್ಕ ಫ್ರೈಡ್ ಲಿವರ್ ಅಂತಾರ್ರಿ, ಸಾವಜಿ ಖಾನಾವಳಿ ಐಟಂ ಅಲ್ಲ, ಇಟಲಿಯವರ 400 ವರ್ಷದ ಹಳೇ ಪಟ್ಟು. ನಾನೂ ಧಾರವಾಡದಾಗ ಕಾಲೇಜ್ ಇದ್ದಾಗ ಇದ ಏಟು ತಿಂದು, ಸೋಲು ಒಪ್ಪಿ ಕೈ ಕೊಟ್ಟು ಎದ್ದು ಬಂದು ಗಿರ್ಮಿಟ್ ತಿಂದೀನಿ.

ಡಿ5 ಪ್ಯಾದಿ ಮುಟ್ಟಬ್ಯಾಡ ಅನ್ರಿ, ಸಿ6 ಕುದ್ರಿನ ಎ5ಕ್ಕ ಇಡ್ಲಿ, ಅದು ಸಿ4 ಒಂಟಿ ಮ್ಯಾಲ ಬೀಳ್ತೈತಿ. ಒಂಟಿ ಬಿ5ಕ್ಕ ಬಂದು ಚೆಕ್ ಕೊಟ್ರ ಸಿ6ಕ್ಕ ಪ್ಯಾದಿ, ಅವ ಹೊಡದ್ರ ಬಿ ಪ್ಯಾದಿಲೆ ಹೊಡದ್ರಾತು, ಒಂಟಿ ಮತ್ತ ಓಡಬೇಕು, ಎಚ್6 ಆಡಿದ್ರ ಜಿ5 ಕುದ್ರಿನೂ ಓಡಬೇಕು. ಒಂದು ಪ್ಯಾದಿ ಹೋತು ಖರೆ, ಆದ್ರ ಅವರು ಓಡಾಡೋದ್ರಾಗ ನಮ್ಮ ಕಾಯಿ ಎಲ್ಲಾ ಹೊರಗ ಬಂದಿರ್ತಾವು. ಇಷ್ಟೂ ತಲಿಗೆ ಹತ್ತಲಿಲ್ಲಾಂದ್ರ ಮೂರನೇ ಮೂವ್‌ನಾಗ ಕುದ್ರಿ ಬದ್ಲಿ ಒಂಟಿ ಸಿ5 ಆಡ್ಲಿ, ಆವಾಗ ಜಿ5ಕ್ಕ ಕುದ್ರಿ ಬಂದ್ರ ರಾಣಿ ಪುಕ್ಕಟ ಹೊಡ್ಕೋತಾಳ.

ಬುಕ್ ಕೊಡಸೋದ ಆದ್ರ ಎಂಡ್‌ಗೇಮಿಂದು, ಅಂದ್ರ ಕಾಯಿ ಕಮ್ಮಿ ಉಳದಾಗಿನ ಕಡೀ ಆಟದ್ದು ಕೊಡಸ್ರಿ, ದೊಡ್ಡೋರೂ ತಪ್ಪೋದು ಅಲ್ಲೆ. 2024ರಾಗ ಸಿಂಗಾಪುರದಾಗ ಗುಕೇಶ್ ವಿಶ್ವ ಚಾಂಪಿಯನ್ ಆದ 14ನೇ ಗೇಮ್‌ನಾಗ ಎದುರಾಳಿ ಡಿಂಗ್ ಲಿರೆನ್ ಆನಿ ತಪ್ಪಿಟ್ಟಿದ್ದು 55ನೇ ಮೂವ್‌ನಾಗ್ರಿ.

ಆ ಹಾಳಿ ಒಗೀಬ್ಯಾಡ್ರಿ. ಇವತ್ತ ಸಂಜಿಗೆ ನೀವ ಬಿಳಿ ಹಿಡೀರಿ, ಹಾಳಿ ನೋಡ್ಕೋತ ಹತ್ತು ಸಲ ಜಿ5ಕ್ಕ ಕುದ್ರಿ ತರ್ರಿ, ಅವ ಹತ್ತೂ ಸಲ ಎ5ಕ್ಕ ಇಡ್ಲಿ.