ಎರೂವಿಲ್ ಜನ ಹೊರಗಿನವರನ್ನು ಕಂಡರೆ ಆಗದವರಾ?

ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಪ್ರಾಂತ್ಯವಾದ ಕ್ವಿಬೆಕ್‌ನ ಎರೂವಿಲ್ ಪಕ್ಕ ಕೆಲಸ ಸಿಕ್ಕಿದೆ, ಆ ಊರಿನ ಹಳೇ ಸುದ್ದಿ ಓದಿ ಮನೆಯಲ್ಲಿ ಹೆದರಿದ್ದಾರೆ, ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಿ. ಆದರೆ ಫ್ರೆಂಚ್ ಕಲಿತುಕೊಂಡು ಹೋಗಿ.

ನಾನಿರುವುದು ಅದೇ ಮೊರಿಸಿ ಸೀಮೆಯ ತ್ರ್ವಾ-ರಿವಿಯೇರ್ ಪಟ್ಟಣದಲ್ಲಿ. ಎರೂವಿಲ್ ಇಲ್ಲಿಂದ ಉತ್ತರಕ್ಕಿದೆ. ನಡುವೆ ಒಂದು ದೊಡ್ಡ ಚರ್ಚು, ಸುತ್ತ ಹೊಲ, ಹಾಲಿನ ಹಸು ಸಾಕುವ ಫಾರ್ಮ್‌ಗಳು, ಜನ ಹೆಚ್ಚುಕಮ್ಮಿ 1,300. ಇಷ್ಟು ಸಣ್ಣ ಊರು 2007ರ ಜನವರಿಯಲ್ಲಿ ಜಗತ್ತಿಗೆಲ್ಲ ಸುದ್ದಿಯಾಯಿತು. ಆಂಡ್ರೆ ದ್ರುಅಁ ಎಂಬ ಕೌನ್ಸಿಲರ್ ಮುಂದೆ ನಿಂತು ವಲಸೆ ಬರುವವರಿಗಾಗಿ ಒಂದು ನಿಯಮಪಟ್ಟಿ ಬರೆಸಿದರು, ಕೌನ್ಸಿಲ್ ಒಪ್ಪಿತು. ಹೆಂಗಸರನ್ನು ಕಲ್ಲು ಹೊಡೆದು ಸಾಯಿಸುವ ಹಾಗಿಲ್ಲ, ವೇಷ ಹಾಕಿಕೊಳ್ಳುವ ಹ್ಯಾಲೋವೀನ್ ಹಬ್ಬದ ದಿನ ಬಿಟ್ಟು ಬೇರೆ ದಿನ ಮುಖ ಮುಚ್ಚುವ ಹಾಗಿಲ್ಲ, ಹೀಗೆ. ತಮಾಷೆ ಅಂದ್ರೆ, ಊರಲ್ಲಿ ವಲಸೆ ಬಂದವರು ಇರಲೇ ಇಲ್ಲ ಅನ್ನುವಷ್ಟು ಕಡಿಮೆ!

ಮುಂದಿನ ತಿಂಗಳೇ ಕೆಲವು ಮುಸ್ಲಿಂ ಮಹಿಳೆಯರು ಆ ಊರಿಗೇ ಹೋಗಿ ಜನರ ಜೊತೆ ಕೂತು ಮಾತಾಡಿದರು. ಕಲ್ಲು ಹೊಡೆಯುವ ಸಾಲನ್ನು ಕೌನ್ಸಿಲ್ ತೆಗೆದುಹಾಕಿತು. ಗಲಾಟೆ ಪ್ರಾಂತ್ಯಕ್ಕೆಲ್ಲ ಹಬ್ಬಿದ್ದರಿಂದ ಅದನ್ನು ವಿಚಾರಿಸಲು ಸರ್ಕಾರ ಬುಶಾರ್, ಟೇಲರ್ ಎಂಬ ಇಬ್ಬರು ವಿದ್ವಾಂಸರ ಆಯೋಗ ನೇಮಿಸಿತು. ಅವರು 2008ರಲ್ಲಿ ವರದಿ ಕೊಟ್ಟು, ನಿಜವಾದ ಬಿಕ್ಕಟ್ಟೇನೂ ಇಲ್ಲ, ಜನರ ತಲೆಯಲ್ಲಿರುವ ಚಿತ್ರವೇ ಬೇರೆಯಾಗಿದೆ ಅಂದರು. ನನಗೂ ಅದೇ ಸರಿ ಅನ್ನಿಸುತ್ತದೆ. ಆ ಪಟ್ಟಿ ಅವಮಾನವೇ, ಅದರಲ್ಲಿ ಎರಡು ಮಾತಿಲ್ಲ, ಆದರೆ ಅದರ ಹಿಂದೆ ಇದ್ದದ್ದು ದ್ವೇಷಕ್ಕಿಂತ ಹೆದರಿಕೆ ಜಾಸ್ತಿ. ಒಂದು ಕಾಲಕ್ಕೆ ಇಲ್ಲಿ ಶಾಲೆ, ಆಸ್ಪತ್ರೆ ಎಲ್ಲ ಚರ್ಚಿನ ಕೈಯಲ್ಲಿತ್ತು, 1960ರ ದಶಕದಲ್ಲಿ ಜನ ಅದನ್ನು ಕಷ್ಟಪಟ್ಟು ಬಿಡಿಸಿಕೊಂಡರು. ಈಗ ಇನ್ಯಾವುದೋ ಧರ್ಮ ಬಂದು ಕೂರುತ್ತೇನೋ ಅನ್ನುವ ಅಳುಕು. ಜೊತೆಗೆ ಸುತ್ತ ಇಂಗ್ಲಿಷ್ ಸಮುದ್ರ, ಭಾಷೆ ಉಳಿಯುತ್ತದೋ ಇಲ್ಲವೋ ಅನ್ನುವ ಚಿಂತೆ. ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ತಲೆಬಿಸಿ ಮಾಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಅದಕ್ಕೇ ತಪ್ಪುತಪ್ಪಾಗಿಯಾದರೂ ಫ್ರೆಂಚ್‌ನಲ್ಲೇ ಮಾತು ಶುರುಮಾಡಿ. ಅಂಗಡಿಯಲ್ಲಿ ಮೊದಲು ಬೊಂಜೂರ್ ಅನ್ನಿ. 2022ರ ಭಾಷಾ ಕಾನೂನಿನ ಪ್ರಕಾರ, ಬಂದು ಆರು ತಿಂಗಳಾದ ಮೇಲೆ ಸರ್ಕಾರಿ ಕಚೇರಿಯವರು ಸಾಮಾನ್ಯವಾಗಿ ಫ್ರೆಂಚ್‌ನಲ್ಲೇ ವ್ಯವಹರಿಸುತ್ತಾರೆ. ಇಂಥ ಊರುಗಳಲ್ಲಿ ಕೌನ್ಸಿಲ್ ಸಭೆ ತಿಂಗಳಿಗೊಮ್ಮೆ ನಡೆಯುತ್ತದೆ, ಯಾರು ಬೇಕಾದರೂ ಕೂರಬಹುದು, ಪ್ರಶ್ನೆ ಕೇಳಲು ಸಮಯ ಇರುತ್ತದೆ. ಸುಮ್ನೆ ಹೋಗಿ ಕೂತರೂ ನಿಮ್ಮ ಮುಖ ಊರಿಗೆ ಗೊತ್ತಾಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಮೇಪಲ್ ಮರದ ರಸದಿಂದ ಪಾಕ ಕಾಯಿಸುವ ಕಡೆ ಯಾರಾದರೂ ಕರೆದರೆ ಬೇಡ ಅನ್ನಬೇಡಿ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ, ಹಾಗಾಗಿ ಹರಟೆಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಸಸ್ಯಾಹಾರಿಯಾದರೆ ಮೊದಲೇ ಹೇಳಿಬಿಡಿ, ಅಲ್ಲಿನ ಊಟದಲ್ಲಿ ಬಟಾಣಿ ಸಾರಿಗೂ ಹಂದಿಮಾಂಸ ಬಿದ್ದಿರುತ್ತದೆ.

ಬೇಳೆ, ಸಾಂಬಾರ್ ಪುಡಿಗೆ ಮಾಂಟ್ರಿಯಲ್‌ನಲ್ಲಿ ನಮ್ಮ ಕಡೆಯ ಅಂಗಡಿಗಳಿರುವ ಪಾರ್ಕ್ ಎಕ್ಸ್‌ಟೆನ್ಶನ್ ಬಡಾವಣೆಗೆ ಹೋದಾಗ ಒಟ್ಟಿಗೆ ತಂದಿಟ್ಟುಕೊಳ್ಳಿ. ಕಾರಂತೂ ಬೇಕೇ ಬೇಕು. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ, ಅದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಸಂಬಳದ ಮಾತಾಡಿ.